ಕ್ಯಾಲಿಬ್ರೇಷನ್ ಮಾಡಿಕೊಟ್ಟರೆ ಸಾಕಾ ಶೆಟ್ರೇ?

ಬೇಡ ಶೆಟ್ರೇ, ‘ಒಂಚೂರು ಕ್ಯಾಲಿಬ್ರೇಷನ್ ಮಾಡ್ಕೊಡಿ, ಅಷ್ಟು ಸಾಕು’ ಅಂತ ಮಾತ್ರ ಹೇಳಬೇಡಿ. ತೂಕದ ಮಿಷನ್ ಹೊತ್ತು ತಂದವರೆಲ್ಲ ಬಾಗಿಲಲ್ಲೇ ಹೇಳೋದು ಇದೊಂದೇ ಮಾತು. 10 ಕೆಜಿ ಬಟ್ಟು ಇಟ್ಟರೆ 9.980 ತೋರಿಸ್ತು ಅಂತ ಇಟ್ಕೊಳ್ಳಿ. ಒಳಗಿನ ಗುಂಡಿ ಒತ್ತಿ, ‘ಇದೇ 10 ಕೆಜಿ’ ಅಂತ ಅದಕ್ಕೆ ಹೇಳಿಕೊಟ್ಟು ಮುಚ್ಚಳ ಹಾಕಿಬಿಡೋದು ಐದು ನಿಮಿಷದ ಕೆಲಸ. ಆದರೆ ಆ 20 ಗ್ರಾಂ ಎಲ್ಲಿ ಹೋಯ್ತು? ಅದಕ್ಕೊಂದು ಕಾರಣ ಇದ್ದೇ ಇರತ್ತೆ. ಕಾರಣ ಹುಡುಕದೆ ಅಂಕಿ ಮಾತ್ರ ಸರಿ ಮಾಡಿದರೆ ತಪ್ಪು ಅಲ್ಲಿಂದ ಎದ್ದು ಇನ್ನೊಂದು ಕಡೆ ಹೋಗಿ ಕೂರತ್ತೆ. 10 ಕೆಜಿಗೆ ಸರಿ ಇರತ್ತೆ, 4 ಕೆಜಿಗೆ ಜಾಸ್ತಿ ತೋರಿಸತ್ತೆ. ನಿಮ್ಮ ಅಂಗಡೀಲಿ 10 ಕೆಜಿ ತಗೊಳ್ಳೋರು ಎಷ್ಟು ಜನ ಹೇಳಿ?

ಎಷ್ಟು ತಪ್ಪು ತೋರಿಸತ್ತೆ ಅನ್ನೋದಕ್ಕಿಂತ ಹ್ಯಾಗೆ ತಪ್ಪು ತೋರಿಸತ್ತೆ ಅನ್ನೋದು ನನಗೆ ಮುಖ್ಯ.

‘ಹ್ಯಾಗೆ ಅಂದ್ರೆ? ಕಮ್ಮಿ ತೋರಿಸತ್ತೆ ಮಾರಾಯ್ರೆ.’

ಕಮ್ಮಿ ತೋರಿಸೋದರಲ್ಲೂ ಬೇರೆ ಬೇರೆ ಬಗೆ ಇದೆ. 5 ಕೆಜಿಗೆ 5 ಗ್ರಾಂ, 10ಕ್ಕೆ 10, 20ಕ್ಕೆ 20 ಅಂತ ಒಂದೇ ಲೆಕ್ಕದಲ್ಲಿ ಕಮ್ಮಿ ಆಗ್ತಾ ಹೋದರೆ, ಹೌದು, ಆಗ ಕ್ಯಾಲಿಬ್ರೇಷನ್ ಕಡೆ ನೋಡೋಣ. ಎಷ್ಟೇ ಇಟ್ಟರೂ 15 ಗ್ರಾಂ ಮಾತ್ರ ಕಮ್ಮಿ ಅಂದರೆ ಸೊನ್ನೆ ಜಾರಿದೆ. 5 ಕೆಜಿವರೆಗೆ ಚೊಕ್ಕ, ಅಲ್ಲಿಂದ ಮುಂದೆ ಕಮ್ಮಿ ಅಂದರೆ ತಟ್ಟೆಯೋ ಅದರ ಕೆಳಗಿನ ಕೈಗಳೋ ಎಲ್ಲೋ ತಗಲ್ತಾ ಇವೆ. ಮಧ್ಯದಲ್ಲಿಟ್ಟರೆ ಸರಿ, ಮೂಲೆಗೆ ಸರಿಸಿದರೆ ಬೇರೆ ಅಂದರೆ ಬೋಲ್ಟ್ ಸಡಿಲ ಆಗಿದೆ, ಇಲ್ಲಾ ಒಳಗೆ ಭಾರ ಅಳೆಯೋ ಲೋಡ್‌ಸೆಲ್‌ಗೇ ಪೆಟ್ಟು ಬಿದ್ದಿದೆ. ಇಟ್ಟ ಕೂಡಲೇ ಸರಿ ತೋರಿಸಿ, ಆಮೇಲೆ ಮುಟ್ಟದೇ ಇದ್ದರೂ ಐದೈದೇ ಗ್ರಾಂ ಏರ್ತಾ ಹೋದರೆ ಒಳಗೆ ಥಂಡಿ ಕೂತಿದೆ ಅಂತ ನನ್ನ ಮೊದಲ ಅನುಮಾನ. ನೀವು ಒಂದೇ ಬಟ್ಟು ಒಂದೇ ಸಲ ಇಟ್ಟು ನೋಡಿ ಬಂದರೆ ಇದರಲ್ಲಿ ಯಾವುದೂ ಗೊತ್ತಾಗಲ್ಲ. ಕಡಿಮೆಯಿಂದ ಹೆಚ್ಚಿಗೆ ಒಂದೊಂದೇ ಏರಿಸ್ತಾ, ಮತ್ತೆ ಒಂದೊಂದೇ ಇಳಿಸ್ತಾ ಬರೆದುಕೊಳ್ಳಬೇಕು. ಆಮೇಲೆ ನಾಲ್ಕು ಮೂಲೆ. ಮೂಲೆಗೆ ಮಿಷನ್ನಿನ ತಾಕತ್ತಿನ ಮೂರನೇ ಒಂದು ಪಾಲು ಇಡೋದು ರೂಢಿ. ನಿಮ್ಮದು 30 ಕೆಜಿಯದ್ದು, ಹಾಗಾಗಿ 10 ಕೆಜಿ ಬಟ್ಟು ಸಾಕು.

ಬಿಚ್ಚೋದಕ್ಕೆ ಮುಂಚೆ ಅದು ಕೂತಿರೋ ಜಾಗ ನೋಡಬೇಕು ಶೆಟ್ರೇ. ನಿಮ್ಮ ಗಲ್ಲಾದ ನೆತ್ತಿ ಮೇಲೇ ಫ್ಯಾನು ಇದೆ. ಅದರ ಗಾಳಿ ಅಗಲ ತಟ್ಟೆ ಮೇಲೆ ಬಿದ್ದು ಒತ್ತತ್ತೆ, ಅಂಕಿ ಕುಣಿಯತ್ತೆ. ಫ್ಯಾನ್ ಆರಿಸಿದ ಕೂಡಲೇ ಗುಣ ಆಗೋ ಮಿಷನ್‌ಗಳನ್ನ ಜನ ನನ್ನ ಹತ್ರ ಬೈಕಿನಲ್ಲಿ ಕಟ್ಟಿಕೊಂಡು ತರ್ತಾರೆ. ದಾರೀಲಿ ಕುಲುಕಿ ಕುಲುಕಿ, ಬರುವಾಗ ನಿಜವಾಗಲೂ ಕೆಟ್ಟಿರತ್ತೆ. ಇನ್ನೊಂದು, ಮೂಲೆಯಲ್ಲಿರೋ ಲೆವೆಲ್ ಗುಳ್ಳೆ. ಯಾರೂ ಅದರ ಕಡೆ ತಿರುಗಿ ನೋಡಲ್ಲ. ಮಿಷನ್ ಮೂರು ಡಿಗ್ರಿ ವಾಲಿದರೆ ಸಾಕು, 10 ಕೆಜಿಗೆ ಹೆಚ್ಚುಕಮ್ಮಿ 14 ಗ್ರಾಂ ಕಡಿಮೆ ತೋರಿಸತ್ತೆ. ಲೋಡ್‌ಸೆಲ್ ತನ್ನ ಮೈಗೆ ನೇರವಾಗಿ ಬೀಳೋ ಭಾರ ಮಾತ್ರ ಅಳೆಯೋದು, ವಾಲಿದಾಗ ಭಾರದ ಒಂದು ಪಾಲು ಪಕ್ಕಕ್ಕೆ ಹೋಗಿಬಿಡತ್ತೆ. ನಮ್ಮ ಕಡೆ ಅಂಗಡಿಗಳ ಮರದ ಮೇಜು ಮಳೆಗಾಲದಲ್ಲಿ ಉಬ್ಬಿ, ಬೇಸಿಗೆಯಲ್ಲಿ ಸೊಟ್ಟ ಆಗೋದು ನಿಮಗೆ ಗೊತ್ತೇ ಇದೆ. ಕೆಳಗಿನ ನಾಲ್ಕು ಕಾಲು ತಿರುಗಿಸಿ ಗುಳ್ಳೆ ಮಧ್ಯಕ್ಕೆ ತಂದುಕೊಂಡರೆ ಅರ್ಧ ದೂರು ಅಲ್ಲಿಗೇ ಮುಗೀತು.

ಇನ್ನು ತಟ್ಟೆ ಎತ್ತಿ. ಸ್ಟೀಲ್ ತಟ್ಟೆ ಕೆಳಗೆ ನಾಲ್ಕು ಕೈ ಚಾಚಿರೋ ಅಲ್ಯೂಮಿನಿಯಂ ಚೌಕಟ್ಟು ಕಾಣತ್ತೆ, ಒಂದೊಂದು ಕೈ ತುದಿಗೆ ರಬ್ಬರ್ ಗುಬಟು. ಚೌಕಟ್ಟಿಗೂ ಮಿಷನ್ ಮೈಗೂ ನಡುವೆ ಸಂದು ಇರತ್ತಲ್ಲ, ಅಲ್ಲಿ ಬ್ಯಾಟರಿ ಬಿಟ್ಟು ನೋಡಿ. ಬೇಳೆ ಅಂಗಡಿಯಾದರೆ ಒಂದು ಕಡಲೆಬೇಳೆ, ನಿಮ್ಮಲ್ಲಾದರೆ ಏಲಕ್ಕಿ ಸಿಪ್ಪೆಯೋ ಮೆಣಸಿನ ಕಾಳೋ ಸಿಕ್ಕಿಕೊಂಡಿರತ್ತೆ. ಭಾರ ಇಲ್ಲದಾಗ ಅದು ತಗಲಲ್ಲ. ಚೌಕಟ್ಟು ಕೂದಲೆಳೆಯಷ್ಟು ಕೆಳಗೆ ಬಂದಾಗ ಮಾತ್ರ ತಗಲತ್ತೆ. ಅಲ್ಲಿಂದ ಮುಂದಿನ ಭಾರದ ಒಂದು ಪಾಲನ್ನ ಆ ಕಾಳು ಹೊತ್ತುಕೊಂಡು ನೆಲಕ್ಕೆ ಇಳಿಸಿಬಿಡತ್ತೆ, ಲೋಡ್‌ಸೆಲ್‌ಗೆ ಗೊತ್ತೇ ಆಗಲ್ಲ. 5 ಕೆಜಿವರೆಗೆ ಸರಿ, ಆಮೇಲೆ ಕಮ್ಮಿ ಅಂದೆನಲ್ಲ, ಅದು ಇದು. ಈ ಕಾಳು ಒಳಗಿದ್ದ ಹಾಗೇ 10 ಕೆಜಿ ಬಟ್ಟು ಇಟ್ಟು ಕ್ಯಾಲಿಬ್ರೇಷನ್ ಮಾಡಿದರೆ ಏನಾಗತ್ತೆ ಯೋಚನೆ ಮಾಡಿ. 20 ಗ್ರಾಂ ಕಮ್ಮಿಯನ್ನ ಮಿಷನ್ ಎಲ್ಲಾ ತೂಕಕ್ಕೂ ಹಂಚಿ ಸೇರಿಸಿಬಿಡತ್ತೆ, 4 ಕೆಜಿಗೆ 8 ಗ್ರಾಂ ಜಾಸ್ತಿ. ನಾಳೆ ಯಾರೋ ಗುಡಿಸುವಾಗ ಕಾಳು ಉದುರಿ ಹೋಯ್ತು ಅಂದರೆ ಆಗ 10 ಕೆಜಿಗೂ ಜಾಸ್ತಿ. ಗಿರಾಕಿಗೆ ಮೋಸ ಆಗ್ತಾನೇ ಇರತ್ತೆ, ಮಾಡಬೇಕು ಅಂತ ಯಾರ ಮನಸ್ಸಲ್ಲೂ ಇರಲ್ಲ. ಇದು ನನಗೆ ನಿಜಕ್ಕೂ ಸಂಕಟ ಕೊಡೋ ವಿಷಯ.

ಅದೇ ಚೌಕಟ್ಟಿನ ಕೆಳಗೆ ಕೆಲವು ತಡೆ ಬೋಲ್ಟುಗಳಿರ್ತವೆ. ಯಾರಾದರೂ ಮೂಟೆ ಎತ್ತಿ ಕುಕ್ಕಿದರೆ ಲೋಡ್‌ಸೆಲ್ ಮಿತಿಮೀರಿ ಬಗ್ಗದಿರಲಿ ಅಂತ. ಅದಕ್ಕೂ ಚೌಕಟ್ಟಿಗೂ ನಡುವೆ ತೆಳು ಕಾರ್ಡು ಓಡಾಡೋಷ್ಟು ಸಂದು ಬೇಕು. ಬಿಚ್ಚಿದವರು ಮತ್ತೆ ಹಾಕುವಾಗ ಅದನ್ನ ಬಿಗಿಯಾಗಿ ತಿರುಗಿಸಿಟ್ಟರೆ ಆ ಕಡಲೆಬೇಳೆ ಮಾಡಿದ ಕೆಲಸವನ್ನೇ ಈ ಬೋಲ್ಟೂ ಮಾಡತ್ತೆ. ರಿಪೇರಿಗೆ ಹೋಗಿ ಬಂದ ಮೇಲೇ ಕೆಟ್ಟ ಮಿಷನ್ ಸಿಕ್ಕಿದರೆ ನಾನು ಮೊದಲು ಕೈ ಇಡೋದು ಅಲ್ಲಿಗೇ.

ಲೋಡ್‌ಸೆಲ್ ಅಂದೆ. ಒಂದು ಸಲ ನೀವು ಅದನ್ನ ಕೈಯಲ್ಲಿ ಹಿಡಿದು ನೋಡಬೇಕು. ಒಂದು ಗೇಣು ಉದ್ದದ ಅಲ್ಯೂಮಿನಿಯಂ ತುಂಡು, ಮಧ್ಯೆ ಕನ್ನಡಕದ ಆಕಾರದ ತೂತು. ತೂತಿನ ಮೇಲೆ ಕೆಳಗೆ ಲೋಹ ತೆಳ್ಳಗಾಗಿರತ್ತೆ, ಆ ತೆಳು ಜಾಗಕ್ಕೆ ನಾಲ್ಕು ಸ್ಟ್ರೇನ್ ಗೇಜ್ ಅಂಟಿಸಿರ್ತಾರೆ, ಮೇಲೆ ರಬ್ಬರಿನಂಥ ಸಿಲಿಕೋನ್ ಬಳಿದಿರ್ತಾರೆ. ಭಾರ ಬಿದ್ದಾಗ ತುಂಡು ಬಗ್ಗತ್ತೆ, ಗೇಜು ಹಿಗ್ಗತ್ತೆ ಇಲ್ಲಾ ಕುಗ್ಗತ್ತೆ, ಅದರ ರೆಸಿಸ್ಟೆನ್ಸ್ ಬದಲಾಗತ್ತೆ. ಅಷ್ಟೇ ಗುಟ್ಟು. ಅಂಟಿಸೋ ಈ ಗೇಜನ್ನ 1938ರಲ್ಲಿ ಅಮೆರಿಕದ ಇಬ್ಬರು, ಎಡ್ವರ್ಡ್ ಸಿಮನ್ಸ್ ಮತ್ತು ಆರ್ಥರ್ ರೂಜ್, ಬೇರೆ ಬೇರೆ ಊರಲ್ಲಿ ಒಬ್ಬರಿಗೊಬ್ಬರು ಗೊತ್ತಿಲ್ಲದೆ ಕಂಡುಹಿಡಿದರು. ರೂಜ್ ಅವರಿಗೆ ಬೇಕಾಗಿದ್ದು ಭೂಕಂಪಕ್ಕೆ ನೀರಿನ ಟ್ಯಾಂಕು ಹೇಗೆ ಅಲ್ಲಾಡತ್ತೆ ಅಂತ ಮಾದರಿ ಮಾಡಿ ಅಳೆಯೋದು. ಅದೇ ಗೇಜು ಈಗ ನಿಮ್ಮ ಅಂಗಡೀಲಿ ಏಲಕ್ಕಿ ತೂಗ್ತಾ ಇದೆ.

ನಾಲ್ಕು ಗೇಜನ್ನ ವೀಟ್‌ಸ್ಟೋನ್ ಬ್ರಿಜ್ ಅನ್ನೋ ನಾಲ್ಕು ಕಾಲಿನ ಚೌಕದಲ್ಲಿ ಜೋಡಿಸಿರ್ತಾರೆ. ಹೊರಗೆ ಬರೋದು ನಾಲ್ಕು ತಂತಿ. ಸಾಮಾನ್ಯವಾಗಿ ಕೆಂಪು, ಕಪ್ಪು ಕರೆಂಟ್ ಕೊಡೋಕೆ, ಹಸಿರು, ಬಿಳಿ ಸಿಗ್ನಲ್ ತರೋಕೆ. ಕೆಂಪು ಕಪ್ಪಿಗೆ 5 ವೋಲ್ಟ್ ಕೊಟ್ಟು, ತಾಳಿಕೊಳ್ಳೋಷ್ಟೂ ಭಾರ ಹೇರಿದಾಗ ಹಸಿರು ಬಿಳಿ ನಡುವೆ ಬರೋದು 10 ಮಿಲಿವೋಲ್ಟ್ ಮಾತ್ರ. 40 ಕೆಜಿಯ ಸೆಲ್ ಅಂತ ಹಿಡಿದರೆ ಒಂದು ಗ್ರಾಂಗೆ ಒಂದು ಮೈಕ್ರೋವೋಲ್ಟಿನ ಕಾಲು ಭಾಗ. ಒಂದು ವೋಲ್ಟನ್ನ ಹತ್ತು ಲಕ್ಷ ಚೂರು ಮಾಡಿ ಅದರಲ್ಲಿ ಒಂದು ಚೂರಿನ ಕಾಲುಪಾಲು! ಅಷ್ಟು ಸಣ್ಣ ಸುದ್ದಿಯನ್ನ ಒಂದು ಚಿಪ್ಪು ಓದಿ, ಅಂಕಿ ಮಾಡಿ, ನಿಮ್ಮ ಕಣ್ಣಿಗೆ ಕೆಂಪಗೆ ತೋರಿಸತ್ತೆ. ಇಷ್ಟು ವರ್ಷ ಇದರ ಜೊತೆ ಇದ್ದರೂ ಇದು ನಡೆಯತ್ತಲ್ಲ ಅಂತ ನನಗೆ ಇನ್ನೂ ಬೆರಗು.

ಅಷ್ಟು ಸಣ್ಣ ಸುದ್ದಿ ಆದ್ದರಿಂದಲೇ ನಮ್ಮ ಮಲೆನಾಡಿನ ಮಳೆಗಾಲ ಅದಕ್ಕೆ ಆಗಿಬರಲ್ಲ. ಕನೆಕ್ಟರಿನ ಎರಡು ಪಿನ್ನಿನ ನಡುವೆ ಧೂಳು, ಉಪ್ಪಿನ ಪುಡಿ, ಮೇಲೆ ಆಷಾಢದ ಥಂಡಿ. ಕಣ್ಣಿಗೆ ಏನೂ ಕಾಣಲ್ಲ. ಮೀಟರ್ ಇಟ್ಟರೆ 1 ಮೆಗಾಓಮ್ ತೋರಿಸತ್ತೆ, ‘ಪರವಾಗಿಲ್ಲ, ಲಕ್ಷಗಟ್ಟಲೆ ಓಮ್ ಇದೆ’ ಅಂತ ಟಿವಿ ರಿಪೇರಿಯವರು ಬಿಟ್ಟುಬಿಡ್ತಾರೆ. ಆದರೆ 350 ಓಮಿನ ಬ್ರಿಜ್ಜಿನ ಒಂದು ಕಾಲಿಗೆ ಆ ಸೋರಿಕೆ ಕೂತರೆ ಸೊನ್ನೆ ಒಂದೂ ಮುಕ್ಕಾಲು ಕೆಜಿಯಷ್ಟು ಜಾರತ್ತೆ. ನೂರು ಮೆಗಾಓಮ್ ಆದರೂ 17 ಗ್ರಾಂ. ಬೆಳಗ್ಗೆ ಒಂದು ಅಂಕಿ, ಬಿಸಿಲು ಬಂದ ಮೇಲೆ ಒಂದು ಅಂಕಿ ಅಂತ ಜನ ಹೇಳೋದು ಇದನ್ನೇ. ಬೋರ್ಡ್ ಹೋಯ್ತು ಅಂತ ಹೊಸದು ಹಾಕಿಸ್ತಾರೆ. ಹೊಸ ಬೋರ್ಡ್ ಶುಚಿಯಾಗಿರೋದರಿಂದ ಎರಡು ತಿಂಗಳು ಸರಿ ಇರತ್ತೆ, ಆಮೇಲೆ ಅದೇ ಕತೆ.

ನಾನು ಮಾಡೋದು ಇಷ್ಟು. ಬೋರ್ಡು, ಕನೆಕ್ಟರು ಎಲ್ಲ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಮೆತ್ತಗಿನ ಬ್ರಷ್ಷಿನಿಂದ ತೊಳೀತೀನಿ. ಸೋಲ್ಡರಿಂಗ್ ಮಾಡಿದ ಜಾಗದಲ್ಲಿ ಉಳಿದ ಫ್ಲಕ್ಸು ಥಂಡಿ ಹೀರಿ ಬೆಳ್ಳಗೆ ಕೂತಿರತ್ತೆ, ಅದು ಪೂರ್ತಿ ಹೋಗಬೇಕು. ಆಮೇಲೆ ಒಂದು ಮರದ ಪೆಟ್ಟಿಗೆ ಇದೆ, ಒಳಗೆ 60 ವ್ಯಾಟಿನ ಹಳೇ ಬಲ್ಬು. ರಾತ್ರಿಯೆಲ್ಲ ಅದರಲ್ಲಿಟ್ಟು ಒಣಗಿಸೋದು. ಇರುವೆ ಗೂಡು ಕಟ್ಟಿದ್ದರೆ ಮೊದಲು ಅದನ್ನ ತೆಗೀಬೇಕು, ಮೊಟ್ಟೆ ಮಣ್ಣು ಎಲ್ಲ. ಒಣಗಿದ ಮೇಲೂ ಸೊನ್ನೆ ಓಡಾಡ್ತಾ ಇದ್ದರೆ ತೇವ ಸೆಲ್ಲಿನ ಸಿಲಿಕೋನ್ ಒಳಗೇ ಹೋಗಿದೆ ಅಂತ ಅರ್ಥ, ಅಂಥ ಸೆಲ್ಲು ಬದಲಿಸೋದೇ ದಾರಿ. ಸೆಲ್ಲಿನ ಮೇಲೆ ಯಾವತ್ತೂ 500 ವೋಲ್ಟ್ ಕೊಟ್ಟು ಸೋರಿಕೆ ನೋಡೋ ಮೆಗ್ಗರ್ ಹಾಕಬಾರದು. ಮೋಟರಿಗೆ ಹಾಕೋ ಅಭ್ಯಾಸದಲ್ಲಿ ಎಲೆಕ್ಟ್ರಿಷಿಯನ್ನುಗಳು ಇದಕ್ಕೂ ಹಾಕಿ, ಇದ್ದ ಗೇಜನ್ನೂ ಸುಟ್ಟುಬಿಡ್ತಾರೆ.

ಸೋಲ್ಡರಿಂಗ್ ಮಾಡಿದ ತಕ್ಷಣ ತೂಕ ನೋಡೋದೂ ಬೇಡ. ತಾಮ್ರ ಮತ್ತು ಸೀಸ ಸೇರೋ ಜಾಗ ಬಿಸಿ ಇದ್ದರೆ ತಾನೇ ಒಂದು ಸಣ್ಣ ವೋಲ್ಟೇಜು ಹುಟ್ಟಿಸತ್ತೆ, ಡಿಗ್ರಿಗೆ ಒಂದರಿಂದ ಮೂರು ಮೈಕ್ರೋವೋಲ್ಟ್. ನಾಲ್ಕು ಗ್ರಾಂಗೆ ಒಂದು ಮೈಕ್ರೋವೋಲ್ಟ್ ಅನ್ನೋ ನಮ್ಮ ಲೆಕ್ಕದಲ್ಲಿ ಅದು ದೊಡ್ಡದು. ಹಸಿರು ಕಿಲುಬು ಹಿಡಿದ ತಾಮ್ರದ ತಂತಿಯಂತೂ ಇನ್ನೂ ಕೆಟ್ಟದ್ದು. ಕಿಲುಬು ಕಂಡರೆ ಉಜ್ಜೋದಲ್ಲ, ಅಷ್ಟು ಉದ್ದ ಕತ್ತರಿಸಿ ಹೊಸ ತುದಿ ಹಚ್ಚಬೇಕು.

‘ಸೆಲ್ಲು ಹೋಗಿದೆಯೋ ಬೋರ್ಡ್ ಹೋಗಿದೆಯೋ ಅಂತ ಹ್ಯಾಗೆ ಗೊತ್ತಾಗತ್ತೆ?’

ಒಳ್ಳೇ ಪ್ರಶ್ನೆ ಕೇಳಿದಿರಿ. ಇಲ್ಲೇ ಎಲ್ಲರೂ ಊಹೆ ಮಾಡೋದು. ಮೊದಲು ಚಾರ್ಜರ್ ಕಿತ್ತು ಬ್ಯಾಟರಿ ಮೇಲೆ ನಡೆಸಿ ನೋಡ್ತೀನಿ. ಅಂಕಿ ನಿಂತುಬಿಟ್ಟರೆ ತಪ್ಪು ಚಾರ್ಜರಿಂದು, ಅದರೊಳಗಿನ ಕೆಪಾಸಿಟರ್ ಒಣಗಿದೆ. ಬ್ಯಾಟರೀನೂ ಸುಮ್ಮನೆ ಇಟ್ಟು ಅಳೆದರೆ ಉಪಯೋಗ ಇಲ್ಲ, ಮಿಷನ್ ಆನ್ ಮಾಡಿ ಅಳೀಬೇಕು. ಸುಮ್ಮನಿದ್ದಾಗ 6.2 ವೋಲ್ಟ್ ತೋರಿಸಿದ ಬ್ಯಾಟರಿ, ಆನ್ ಮಾಡಿದ ಕೂಡಲೇ 5ಕ್ಕೆ ಕುಸಿದರೆ ಅದರ ಆಯಸ್ಸು ಮುಗಿದಿದೆ. ಇವೆರಡೂ ಸರಿ ಇದ್ದರೆ ಸೆಲ್ಲಿನ ತಂತಿ ಬಿಚ್ಚಿ, ಆ ಜಾಗಕ್ಕೆ ನಾನೇ ಮಾಡಿಟ್ಟುಕೊಂಡಿರೋ ಡಮ್ಮಿ ಹಾಕ್ತೀನಿ. ಒಂದೇ ಬೆಲೆಯ ನಾಲ್ಕು ಮೆಟಲ್ ಫಿಲ್ಮ್ ರೆಸಿಸ್ಟರು, ಮೀಟರಿನಲ್ಲಿ ಅಳೆದು ಹೊಂದಿಸಿ, ಬ್ರಿಜ್ ಕಟ್ಟಿ, ಸಣ್ಣ ಡಬ್ಬಿಯಲ್ಲಿ ಹಾಕಿದ್ದು. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸಿಗೋ ಸಾಮಾನು, ಖರ್ಚು ಏನೂ ಇಲ್ಲ. ಡಮ್ಮಿ ಮೇಲೆ ಅಂಕಿ ಅಲ್ಲಾಡದೆ ನಿಂತರೆ ಬೋರ್ಡ್ ಆರೋಗ್ಯವಾಗಿದೆ, ತೊಂದರೆ ಸೆಲ್ಲಿನ ಕಡೆ. ಆಗಲೂ ಕುಣಿದರೆ ಬೋರ್ಡಿನಲ್ಲಿ. ಸೆಲ್ಲಿನ ಕಡೆ ಅಂತಾದರೆ ಕೆಂಪು-ಹಸಿರು ನಡುವೆ, ಕೆಂಪು-ಬಿಳಿ ನಡುವೆ ಓಮ್ ನೋಡೋದು. ಎರಡೂ ಒಂದೇ ಬರಬೇಕು. ಒಂದು ಹೆಚ್ಚು ಒಂದು ಕಡಿಮೆ ಬಂದರೆ ಒಂದು ಗೇಜಿಗೆ ಏಟಾಗಿದೆ. ಬಗ್ಗಿದ ಸೆಲ್ಲನ್ನ ನೆಟ್ಟಗೆ ಮಾಡೋಕೆ ಆಗಲ್ಲ. ತಟ್ಟೆ ಹಿಡಿದು ಮಿಷನ್ ಎತ್ತಬೇಡಿ ಅಂತ ನಿಮ್ಮ ಹುಡುಗರಿಗೆ ನಾನು ಕೂಗೋದು ಅದಕ್ಕೇ.

ಹೀಗೆ ಬಿಚ್ಚಿ ಕಾರಣ ಹುಡುಕೋ ಹುಚ್ಚು ನನ್ನೊಬ್ಬನದೇ ಅಲ್ಲ. ಅಮೆರಿಕದಲ್ಲಿ ಜಿಮ್ ವಿಲಿಯಮ್ಸ್ ಅಂತ ಒಬ್ಬರಿದ್ದರು, ಅನಲಾಗ್ ಸರ್ಕ್ಯೂಟ್ ಮಾಡೋರಲ್ಲಿ ದೊಡ್ಡ ಹೆಸರು, 2011ರಲ್ಲಿ ತೀರಿಕೊಂಡರು. ಅಂಥವರು ರಿಪೇರಿ ಎಷ್ಟು ಮುಖ್ಯ ಅಂತಲೇ ಒಂದು ಲೇಖನ ಬರೆದಿದ್ದಾರೆ. ಕೆಟ್ಟ ಉಪಕರಣ ಬಿಚ್ಚಿ ಕೂತಾಗಲೇ ಅದನ್ನ ಮಾಡಿದವರು ಏನು ಯೋಚಿಸಿದರು ಅಂತ ತಿಳಿಯೋದು. ಬೋರ್ಡ್ ಕಿತ್ತು ಬೋರ್ಡ್ ಹಾಕೋದರಲ್ಲಿ ಆ ವಿದ್ಯೆ ಬರಲ್ಲ. ನಮ್ಮ ಐಟಿಐ ಹುಡುಗರ ಕೈಗೆ ಕೆಟ್ಟ ಮೀಟರುಗಳನ್ನ ರಾಶಿ ಹಾಕಿ ಕೊಡಬೇಕು, ಪಾಠ ಅದರಿಂದಲೇ ಶುರು ಮಾಡಬೇಕು ಅಂತ ನನ್ನ ಗಟ್ಟಿ ಅಭಿಪ್ರಾಯ.

ಕ್ಯಾಲಿಬ್ರೇಷನ್ನೇ ಬೇಕಾಗೋ ಕೇಸು ಒಂದು ಹೇಳ್ತೀನಿ ಕೇಳಿ, ಇದು ಬಹಳ ಸ್ವಾರಸ್ಯ. ದಿಲ್ಲಿ ಕಡೆ ತಯಾರಾಗಿ, ಅಲ್ಲೇ ತೂಕ ಹೊಂದಿಸಿದ ಮಿಷನ್ನು ನೇರ ಪಾರ್ಸಲಿನಲ್ಲಿ ನಮ್ಮೂರಿಗೆ ಬಂತು ಅಂತ ಇಟ್ಕೊಳ್ಳಿ. ಏನೂ ಕೆಟ್ಟಿಲ್ಲ, ಹೊಚ್ಚ ಹೊಸದು. ಆದರೂ 10 ಕೆಜಿಗೆ ಸುಮಾರು 10 ಗ್ರಾಂ ಕಮ್ಮಿ ತೋರಿಸತ್ತೆ. ಭೂಮಿ ಎಲ್ಲಾ ಕಡೆ ಒಂದೇ ಸಮ ಎಳೆಯಲ್ಲ ಶೆಟ್ರೇ. ದಿಲ್ಲಿಯಲ್ಲಿ ಗುರುತ್ವ ಸುಮಾರು 9.791, ಬೆಂಗಳೂರಿನಲ್ಲಿ ಸುಮಾರು 9.780. ಭೂಮಧ್ಯರೇಖೆಗೆ ಹತ್ತಿರ ಬಂದಷ್ಟೂ, ಎತ್ತರಕ್ಕೆ ಏರಿದಷ್ಟೂ ಸೆಳೆತ ಕಮ್ಮಿ. ನಿಮ್ಮ ಅಜ್ಜನ ಕಾಲದ ಎರಡು ತಟ್ಟೆಯ ತಕ್ಕಡಿಗೆ ಈ ತಾಪತ್ರಯ ಇರಲಿಲ್ಲ. ಈ ಕಡೆ ಬಟ್ಟು, ಆ ಕಡೆ ಸಾಮಾನು, ಎರಡನ್ನೂ ಭೂಮಿ ಒಂದೇ ಸಮ ಎಳೀತಿತ್ತು. ಲೋಡ್‌ಸೆಲ್‌ಗೆ ಹೋಲಿಸೋಕೆ ಪಕ್ಕದಲ್ಲಿ ಬಟ್ಟು ಇಲ್ಲ, ಎಳೆತ ಎಷ್ಟೋ ಅಷ್ಟೇ ಅದಕ್ಕೆ ಗೊತ್ತು. 5 ಗ್ರಾಂ ಹೆಜ್ಜೆಯ ಅಂಗಡಿ ಮಿಷನ್ನಿಗೆ ಸರ್ಕಾರದ ಮುದ್ರೆ ಬೀಳಬೇಕಾದರೆ 10 ಕೆಜಿಯಲ್ಲಿ 5 ಗ್ರಾಂಗಿಂತ ಹೆಚ್ಚು ತಪ್ಪಬಾರದು. ಹಾಗಾಗಿ ಬಳಸೋ ಊರಲ್ಲೇ, ಬಟ್ಟು ಇಟ್ಟು, ಹೊಂದಿಸಬೇಕು. ಇದು ರೋಗ ಅಲ್ಲ, ಇಲ್ಲಿ ಕ್ಯಾಲಿಬ್ರೇಷನ್ನೇ ಸರಿಯಾದ ಕೆಲಸ.

ಅದನ್ನೂ ಯಾರು ಬೇಕಾದರೂ ಮಾಡೋ ಹಾಗಿಲ್ಲ. ಮಿಷನ್ನಿನ ಹಿಂದೆ ತಂತಿ ಪೋಣಿಸಿ ಒಂದು ಸೀಸದ ಸೀಲ್ ಇದೆಯಲ್ಲ, ಕ್ಯಾಲಿಬ್ರೇಷನ್ ಗುಂಡಿ ಅದರ ಹಿಂದೆ. 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆ ಪ್ರಕಾರ ರಿಪೇರಿ ಮಾಡೋರಿಗೂ ಲೈಸೆನ್ಸ್ ಬೇಕು, ನಾನು ಅದನ್ನ ತಗೊಂಡೇ ಕೂತಿರೋದು. ಸೀಲ್ ಕಿತ್ತ ಮೇಲೆ ಮಾಪನಶಾಸ್ತ್ರ ಇಲಾಖೆಯವರು ಬಂದು ಪರೀಕ್ಷೆ ಮಾಡಿ ಮತ್ತೆ ಮುದ್ರೆ ಹಾಕೋವರೆಗೆ ಅದರಲ್ಲಿ ವ್ಯಾಪಾರ ಮಾಡಬಾರದು. ಕೆಡದಿದ್ದರೂ ಎಲೆಕ್ಟ್ರಾನಿಕ್ ಮಿಷನ್‌ಗೆ ವರ್ಷಕ್ಕೊಂದು ಸಲ ಮುದ್ರೆ ಆಗಬೇಕು. ಜನ ಇದನ್ನ ಕಿರಿಕಿರಿ ಅಂತಾರೆ. ನನಗೆ ಹಾಗನ್ನಿಸಲ್ಲ. ಇಲಾಖೆಯವರು ತರೋ ಬಟ್ಟು ಅದಕ್ಕಿಂತ ಮೇಲಿನ ಬಟ್ಟಿನ ಜೊತೆ ತೂಗಿ ನೋಡಿದ್ದು, ಅದು ಇನ್ನೂ ಮೇಲಿನದರ ಜೊತೆ. ಬೆಂಗಳೂರಿನಲ್ಲಿ ಕೇಂದ್ರ ಸರ್ಕಾರದ ರೀಜನಲ್ ರೆಫರೆನ್ಸ್ ಲ್ಯಾಬ್ ಇದೆ, ಅದರ ಮೇಲೆ ದಿಲ್ಲಿಯ ನ್ಯಾಷನಲ್ ಫಿಸಿಕಲ್ ಲ್ಯಾಬೊರೇಟರಿ. ಅಲ್ಲಿ ಪ್ಲಾಟಿನಂ-ಇರಿಡಿಯಂನಲ್ಲಿ ಮಾಡಿದ 57ನೇ ನಂಬರಿನ ಕಿಲೋಗ್ರಾಂ ಇದೆ. 2019ರ ಮೇ 20ರಿಂದ ಕಿಲೋಗ್ರಾಮನ್ನ ಲೋಹದ ತುಂಡಿನ ಬದಲು ಪ್ಲಾಂಕ್ ಸ್ಥಿರಾಂಕದಿಂದ ನಿರ್ಧರಿಸ್ತಾರೆ, ಆದರೂ ಕೊಂಡಿ ಕೊಂಡಿಯಾಗಿ ಆ ನಂಬಿಕೆ ನಿಮ್ಮ ಗಲ್ಲಾವರೆಗೆ ಇಳಿದು ಬರೋದು ಇದೇ ದಾರೀಲಿ. ಕಾರಣ ಹುಡುಕದೆ ಗುಂಡಿ ಒತ್ತಿದವನು ಆ ಕೊಂಡಿಯನ್ನ ನಿಮ್ಮ ಅಂಗಡಿ ಬಾಗಿಲಲ್ಲೇ ಕಡಿದ ಹಾಗಾಯ್ತು.

ಒಂದು 10 ಕೆಜಿ, ಒಂದು 1 ಕೆಜಿ ಮುದ್ರೆ ಬಿದ್ದ ಬಟ್ಟು ತಂದಿಟ್ಟುಕೊಳ್ಳಿ ಅಂತ ನಾನು ಎಷ್ಟು ಸಲ ಹೇಳಿದ್ದೀನಿ. ಒದ್ದೆ ಕೈಯಲ್ಲಿ ಮುಟ್ಟದೆ ಡಬ್ಬಿಯಲ್ಲಿಡಿ, ಬಾಗಿಲಿಗೆ ಕಲ್ಲಿನ ಬದಲು ಇಡಬೇಡಿ.

ಹೇಳ್ತಾ ಹೇಳ್ತಾ ಮೀಟರಿನ ವಿಷಯ ಬಿಟ್ಟೆ. ತೂಕದ ಮಿಷನ್ ರಿಪೇರಿಗೆ ನಾನು ನಂಬೋದು ಮಲ್ಟಿಮೀಟರನ್ನ. ಅದೇ ಸುಳ್ಳು ಹೇಳಿದರೆ? ಮೊನ್ನೆ ನಿಮ್ಮ ತೋಟದ ಪಂಪಿಗೆ ಬಂದ ಹುಡುಗನ ಕೈಯಲ್ಲಿ ಹಳದಿ ಬಣ್ಣದ ಅಗ್ಗದ ಮೀಟರಿತ್ತು. ‘ಲೈನಲ್ಲಿ ವೋಲ್ಟೇಜ್ ಜಾಸ್ತಿ ಬರ್ತಾ ಇದೆ, 260 ಇದೆ’ ಅಂದ. ನಾನು ನನ್ನದರಲ್ಲಿ ನೋಡಿದರೆ 230. ಅವನ ಮೀಟರಿನ ಮೂಲೆಯಲ್ಲಿ ಬ್ಯಾಟರಿ ಗುರುತು ಮಿನುಗ್ತಾ ಇತ್ತು. ಇಂಥ ಮೀಟರುಗಳಲ್ಲಿ ಇರೋದು 7106 ಜಾತಿಯ ಚಿಪ್ಪು. ಅಳೆಯೋಕೆ ಬೇಕಾದ ಮಾನದಂಡದ ವೋಲ್ಟೇಜನ್ನ ಅದು ತನ್ನ 9 ವೋಲ್ಟ್ ಬ್ಯಾಟರಿಯಿಂದಲೇ ಮಾಡಿಕೊಳ್ಳತ್ತೆ. ಬ್ಯಾಟರಿ 7 ವೋಲ್ಟಿನ ಕೆಳಗೆ ಇಳಿದರೆ ಮಾನದಂಡ ಕುಗ್ಗತ್ತೆ. ಕುಗ್ಗಿದ ಕೋಲಿನಲ್ಲಿ ಅಳೆದರೆ ಬಟ್ಟೆ ಜಾಸ್ತಿ ಬರಲೇಬೇಕಲ್ಲ, ಅಂಕಿ ಏರತ್ತೆ. ಹೊಸ ಬ್ಯಾಟರಿ ಹಾಕಿದ ಮೇಲೆ ಅವನದೂ 230ಕ್ಕೆ ಬಂತು.

ಹಳೇ ಸೂಜಿ ಮೀಟರಿಗೆ ಈ ತೊಂದರೆ ಇಲ್ಲ. ವೋಲ್ಟ್ ಅಳೆಯೋಕೆ ಅದಕ್ಕೆ ಬ್ಯಾಟರಿಯೇ ಬೇಡ, ಅಳೀತಾ ಇರೋ ತಂತಿಯಿಂದಲೇ ಚೂರು ಕರೆಂಟ್ ತಗೊಂಡು ಸೂಜಿ ಏಳತ್ತೆ. ಇಂಗ್ಲೆಂಡಿನ ಅವೋಮೀಟರ್ ಗೊತ್ತಲ್ಲ? ಅಂಚೆ ಇಲಾಖೆಯ ಎಂಜಿನಿಯರ್ ಡೊನಾಲ್ಡ್ ಮೆಕಾಡಿ ಅನ್ನೋರು, ಟೆಲಿಫೋನ್ ಲೈನ್ ರಿಪೇರಿಗೆ ಆಂಪಿಯರ್, ವೋಲ್ಟ್, ಓಮ್ ಒಂದೊಂದಕ್ಕೂ ಒಂದೊಂದು ಮೀಟರ್ ಹೊತ್ತು ಸಾಕಾಗಿ, ಮೂರನ್ನೂ ಒಂದೇ ಪೆಟ್ಟಿಗೆಯಲ್ಲಿ ಸೇರಿಸಿದರು. 1923ರಲ್ಲಿ ಮಾರುಕಟ್ಟೆಗೆ ಬಂದದ್ದು 2008ರವರೆಗೂ ತಯಾರಾಗ್ತಾನೇ ಇತ್ತು. ಅಂಥದ್ದೊಂದನ್ನ ನಾನು ಇನ್ನೂ ಮಾರಿಲ್ಲ, ಮಾರೋದೂ ಇಲ್ಲ.

260 ತೋರಿಸೋ ಮೀಟರಿಗಿಂತ ಸೊನ್ನೆ ತೋರಿಸೋ ಮೀಟರ್ ಭಯಂಕರ. ಪ್ರೋಬಿನ ತಂತಿ ಪಿನ್ನಿನ ಬುಡದಲ್ಲಿ ಒಳಗೇ ತುಂಡಾಗಿರತ್ತೆ, ಮೇಲಿನ ಪ್ಲಾಸ್ಟಿಕ್ ಚೆನ್ನಾಗಿರತ್ತೆ. ಸ್ಟಾರ್ಟರ್ ಪೆಟ್ಟಿಗೆಯಲ್ಲಿ 415 ವೋಲ್ಟ್ ಇದ್ದರೂ ಮೀಟರು ‘ಏನೂ ಇಲ್ಲ’ ಅನ್ನತ್ತೆ, ಮನುಷ್ಯ ಕೈ ಹಾಕ್ತಾನೆ. ಅದಕ್ಕೇ ಲೈನ್ ಸತ್ತಿದೆ ಅಂತ ನೋಡೋ ಮುಂಚೆ, ಕರೆಂಟ್ ಇರೋದು ಗ್ಯಾರಂಟಿ ಇರೋ ಕಡೆ ಮೀಟರ್ ಇಟ್ಟು ಅದು ಬದುಕಿದೆ ಅಂತ ಖಾತ್ರಿ ಮಾಡಿಕೊಳ್ಳಬೇಕು. ಆಮೇಲೆ ಬೇಕಾದ ಕಡೆ ನೋಡಬೇಕು. ನೋಡಿದ ಮೇಲೆ ಇನ್ನೊಂದು ಸಲ ಮೊದಲಿನ ಕಡೆ ಇಟ್ಟು ನೋಡಬೇಕು, ನಡುವೆ ತುಂಡಾಗಿರಬಹುದು. ಕೆಂಪು ಪ್ರೋಬನ್ನ 10 ಆಂಪಿಯರ್ ತೂತಿನಲ್ಲಿ ಬಿಟ್ಟು ಮೇನ್ ಲೈನಿಗೆ ಹಚ್ಚೋದಂತೂ ನೇರ ಶಾರ್ಟ್, ಅಗ್ಗದ ಮೀಟರುಗಳಲ್ಲಿ ಆ ತೂತಿಗೆ ಫ್ಯೂಸೇ ಇರಲ್ಲ. ಫ್ಯೂಸ್ ಇದ್ದ ಕಡೆ ಅದು ಹೋದರೆ ಅದೇ ಅಳತೆಯದ್ದನ್ನೇ ಹಾಕಿ, ತಾಮ್ರದ ಎಳೆ ಸುತ್ತಬೇಡಿ ಅಂತ ನಿಮ್ಮ ಹುಡುಗರಿಗೂ ಹೇಳಿ. ಕೈಮುಗಿದು ಕೇಳ್ಕೊಳ್ತೀನಿ.

‘ಅಲ್ಲಾ, ಹಾಗಾದರೆ ಅಮ್ಮನ ಬಿಪಿ ಮಿಷನ್ನು? ಅದೂ ದಿನಕ್ಕೊಂದು ಹೇಳತ್ತೆ.’

ಹೌದು, ಅದೂ ಅಳತೆ ಸಾಮಾನೇ. ಎಷ್ಟೋ ಬಿಪಿ ಮಿಷನ್ನುಗಳ ಒಳಗೆ ಸಿಲಿಕಾನ್ ಚೂರಿನ ಮೇಲೆ ಅದೇ ನಾಲ್ಕು ರೆಸಿಸ್ಟರಿನ ಬ್ರಿಜ್ ಇರತ್ತೆ. ಆದರೆ ಅದನ್ನ ನಾನು ಬಿಚ್ಚಲ್ಲ, ನೀವೂ ಬಿಚ್ಚಬೇಡಿ. ಅದರ ತಪ್ಪು ನೇರ ಮಾತ್ರೆಗೆ ಹೋಗತ್ತೆ. ಹೊರಗಿನಿಂದ ನೋಡೋದು ಮಾತ್ರ ನಮ್ಮ ಕೆಲಸ. ಬ್ಯಾಟರಿ ಹೊಸದಾ? ರಬ್ಬರ್ ಕೊಳವೆ ಮಡಿಸಿದ ಜಾಗದಲ್ಲಿ ಬಿರುಕು ಬಿಟ್ಟಿದೆಯಾ? ಪಟ್ಟಿ ಅಮ್ಮನ ತೋಳಿಗೆ ಅಳತೆ ಸರಿ ಇದೆಯಾ? ಪಟ್ಟಿ ಚಿಕ್ಕದಾದರೆ ಇಲ್ಲದ ಬಿಪಿ ತೋರಿಸತ್ತೆ. ತೋಳು ಎದೆಯ ಮಟ್ಟಕ್ಕೆ ಇರಬೇಕು. ಅಮ್ಮ ಕೈಯನ್ನ ತೊಡೆ ಮೇಲೆ ಇಳಿಬಿಟ್ಟು ಕೂರೋದನ್ನ ನಾನೇ ನೋಡಿದ್ದೀನಿ. 10 ಸೆಂಟಿಮೀಟರ್ ಕೆಳಗಿದ್ದರೆ ಸುಮಾರು 8 ಜಾಸ್ತಿ ಬರತ್ತೆ. ಪಟ್ಟಿ ಕಟ್ಟಿದ ಮೇಲೆ ಐದು ನಿಮಿಷ ಮಾತಾಡದೆ ಕೂರಲಿ, ನೀವೂ ಮಾತಾಡಿಸಬೇಡಿ. ಅಷ್ಟು ಮಾಡಿದ ಮೇಲೂ ಹೆಚ್ಚುಕಮ್ಮಿ ಆದರೆ, ಡಾಕ್ಟರ ಹತ್ರ ಹೋಗುವಾಗ ಮಿಷನ್ನನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ. ಅವರು ನೋಡಿದ ಒಂದೆರಡು ನಿಮಿಷಕ್ಕೆ ಅದೇ ಕೈಗೆ ಇದನ್ನೂ ಕಟ್ಟಿ, ಎರಡು ಅಂಕಿ ಪಕ್ಕಪಕ್ಕ ಬರೆದು ಅವರಿಗೇ ತೋರಿಸಿ. ಅಲ್ಲಿವರೆಗೆ ಇದರ ಅಂಕಿ ನೋಡಿ ಮಾತ್ರೆ ಅರ್ಧ ಮಾಡೋದು, ಎರಡು ಕೊಡೋದು, ಎರಡೂ ಬೇಡ ಶೆಟ್ರೇ.